ಬರಿಗಾಲಲ್ಲಿ ಒಲಿಂಪಿಕ್ಸ್‌ಗೆ

1948ರ ಜುಲೈ 31. ಸ್ವಾತಂತ್ರ್ಯ ಬಂದು ವರ್ಷವೂ ತುಂಬಿರಲಿಲ್ಲ. ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಮೈದಾನಕ್ಕಿಳಿದ ಭಾರತದ ಫುಟ್ಬಾಲ್ ಆಟಗಾರರಲ್ಲಿ ಹೆಚ್ಚಿನವರ ಕಾಲಲ್ಲಿ ಬೂಟುಗಳೇ ಇರಲಿಲ್ಲ! ಬರಿಗಾಲಿನ ಆಟವೇ ಅವರಿಗೆ ರೂಢಿ.

ಮೊದಲ ಗೋಲು ಫ್ರಾನ್ಸಿನದು. 70ನೇ ನಿಮಿಷದಲ್ಲಿ ಅದನ್ನು ಸರಿಗಟ್ಟಿದವರು ನಮ್ಮ ಮೈಸೂರು ತಂಡದ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್ ಫುಟ್ಬಾಲಿನಲ್ಲಿ ಭಾರತದ ಮೊಟ್ಟಮೊದಲ ಗೋಲು ಅದು. ಆದರೇನು? ಸಿಕ್ಕ ಎರಡು ಪೆನಾಲ್ಟಿಗಳೂ ವ್ಯರ್ಥವಾದವು. ಇನ್ನೇನು ಪಂದ್ಯ ಮುಗಿಯಬೇಕು ಎನ್ನುವಾಗ ಫ್ರಾನ್ಸ್ ಮತ್ತೊಂದು ಬಾರಿಸಿ 2–1ರಿಂದ ಗೆದ್ದಿತು.

ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲೂ ಇದ್ದರು. ಮರುವರ್ಷ ಹೆಲ್ಸಿಂಕಿಯ ಚಳಿಯಲ್ಲಿ ಭಾರತ ಯುಗೊಸ್ಲಾವಿಯಾಕ್ಕೆ 10–1ರಿಂದ ಶರಣಾದಾಗ, ಆ ಒಂದು ಗೋಲು ಅಹ್ಮದ್ ಅವರದೇ. ಅದಾದ ಮೇಲೆ ಆಟಗಾರರಿಗೆ ಬೂಟು ಕಡ್ಡಾಯವಾಯಿತು.