ಸಣ್ಣ ಪ್ರಕಾಶಕನ ದೊಡ್ಡ ಬಂಡವಾಳ

ಬರೆಯುವುದು ಒಂದು ಕೆಲಸ. ಬರೆದುದನ್ನು ಓದುಗನ ಕೈಗೆ ಮುಟ್ಟಿಸುವುದು ಇನ್ನೊಂದು ಕೆಲಸ. ಎರಡನೆಯದು ಮೊದಲನೆಯದಕ್ಕಿಂತ ಸುಲಭವಾದುದೇನೂ ಅಲ್ಲ. ಕನ್ನಡದ ಮೊದಲ ತಲೆಮಾರಿನ ಕಾದಂಬರಿಕಾರರಲ್ಲಿ ಒಬ್ಬರಾದ ಗಳಗನಾಥರು (1869–1942) ತಮ್ಮ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಅವರ ಮುಂದೆ ಎರಡು ಪ್ರಶ್ನೆಗಳಿದ್ದವು. ಓದುಗನ ಮನೆಗೆ ದಾರಿ ಯಾವುದು? ಅಚ್ಚಿನ ವೆಚ್ಚವನ್ನು ತುಂಬಿಕೊಡುವವರು ಯಾರು? ಪ್ರಕಟಣೆಯ ಕೆಲಸಕ್ಕೆ ಕೈಹಾಕಿದ ಪ್ರತಿಯೊಬ್ಬರಿಗೂ ಈ ಎರಡು ಪ್ರಶ್ನೆಗಳು ಇಂದಿಗೂ ಎದುರಾಗುತ್ತವೆ.

ವೃತ್ತಪತ್ರಿಕೆಗಳು ಎರಡನೆಯ ಪ್ರಶ್ನೆಗೆ ಜಾಹೀರಾತಿನಲ್ಲಿ ಉತ್ತರವನ್ನು ಕಂಡುಕೊಂಡವು. ಓದುಗನು ಕೊಡುವ ಬೆಲೆಯು ಕಾಗದ, ಮಸಿ, ಸಂಬಳಗಳಿಗೆ ಸಾಲದು. ಉಳಿದುದನ್ನು ವ್ಯಾಪಾರಿಯು ಪತ್ರಿಕೆಯಲ್ಲಿ ಸ್ಥಳವನ್ನು ಕೊಂಡು ತುಂಬಿಕೊಡುತ್ತಾನೆ. ಇದಕ್ಕೆ ಅಪವಾದಗಳೂ ಇಲ್ಲದಿಲ್ಲ. 1980ರಲ್ಲಿ ಪ್ರಾರಂಭವಾದ ‘ಲಂಕೇಶ್ ಪತ್ರಿಕೆ’ಯು ಜಾಹೀರಾತುಗಳನ್ನು ದೂರವಿರಿಸಿ, ಓದುಗರು ಕೊಟ್ಟ ಹಣದ ಮೇಲೆಯೇ ನಿಂತಿತು. ಆದರೆ ಅಂತಹ ಧೈರ್ಯವು ಎಲ್ಲರಿಗೂ ಸಾಧ್ಯವಾಗುವಂಥದಲ್ಲ.

ಅಂತರಜಾಲವು ಬಂದ ಮೇಲೆ ಪ್ರಕಟಣೆಗೆ ಅಚ್ಚಿನಮನೆಯೇ ಬೇಕೆಂಬ ನಿರ್ಬಂಧವು ಉಳಿಯಲಿಲ್ಲ. ಬೆಳಗಾವಿ ಜಿಲ್ಲೆಯ ಅಥಣಿ ತಾಲ್ಲೂಕಿನಲ್ಲಿ ತೆಲಸಂಗವೆಂಬ ಗ್ರಾಮವಿದೆ. ದ್ರಾಕ್ಷಿಯನ್ನು ಬೆಳೆಯುವ ಈ ಸೀಮೆಯಲ್ಲಿ ಕೃಷಿಯನ್ನು ಓದಿದ ತರುಣಿಯೊಬ್ಬಳು ಒಂದು ಜಾಲತಾಣವನ್ನು ತೆರೆದಳೆಂದು ಭಾವಿಸೋಣ. ಬಳ್ಳಿಯನ್ನು ಸವರುವ ಕ್ರಮ, ಬೂದಿರೋಗದ ಲಕ್ಷಣ, ಒಣದ್ರಾಕ್ಷಿಯನ್ನು ಸಿದ್ಧಪಡಿಸುವ ವಿಧಾನ ಇವನ್ನೆಲ್ಲ ಅವಳು ತಾನು ಕಂಡಂತೆ ಕನ್ನಡದಲ್ಲಿ ಬರೆಯುತ್ತಾಳೆ. ಅವಳ ಹಿಂದೆ ಯಾವ ಪತ್ರಿಕಾ ಸಂಸ್ಥೆಯೂ ಇಲ್ಲ. ಇಂಥವರನ್ನೇ ಸ್ವತಂತ್ರ ಪ್ರಕಾಶಕರೆಂದು ಕರೆಯುತ್ತಾರೆ. ಗಳಗನಾಥರ ಎರಡು ಪ್ರಶ್ನೆಗಳು ಅವಳಿಗೂ ಇವೆ. ದಾರಿಯನ್ನು ತೋರಿಸುವುದು ಶೋಧಯಂತ್ರ. ವೆಚ್ಚವನ್ನು ತುಂಬುವುದು ಜಾಹೀರಾತು. ಇವೆರಡೂ ಹೇಗೆ ನಡೆಯುತ್ತವೆ, ಯಾವ ನಿಯಮಗಳಿಗೆ ಒಳಪಟ್ಟಿವೆ ಎಂಬುದನ್ನು ನೋಡೋಣ.

ಶೋಧಯಂತ್ರವು ಮೂರು ಕೆಲಸಗಳನ್ನು ಮಾಡುತ್ತದೆ. ಮೊದಲನೆಯದು ಸಂಚಾರ: ಅದರ ಗಣಕ ಕಾರ್ಯಕ್ರಮವು ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಕೊಂಡಿಗಳನ್ನು ಹಿಡಿದು ಹೋಗುತ್ತ ಜಾಲವನ್ನೆಲ್ಲ ಸುತ್ತುತ್ತದೆ. ತನ್ನ ತಾಣದ ಯಾವ ಭಾಗಕ್ಕೆ ಬರಬಹುದು, ಯಾವುದಕ್ಕೆ ಬರಬಾರದು ಎಂಬ ಸೂಚನೆಯನ್ನು ಪ್ರಕಾಶಕನು ಒಂದು ಸಣ್ಣ ಕಡತದಲ್ಲಿ ಬರೆದಿಡಬಹುದು. ಈ ಪದ್ಧತಿಯು 1994ರಲ್ಲಿ ರೂಪುಗೊಂಡಿತು. ಎರಡನೆಯದು ಸೂಚಿಯ ರಚನೆ: ದೊಡ್ಡ ಗ್ರಂಥದ ಕೊನೆಯಲ್ಲಿರುವ ಪದಸೂಚಿಯಂತೆ, ಯಾವ ಪದವು ಯಾವ ಪುಟದಲ್ಲಿದೆ ಎಂಬುದನ್ನು ಅದು ಬರೆದುಕೊಳ್ಳುತ್ತದೆ. ಮೂರನೆಯದು ಶ್ರೇಣಿಯ ನಿರ್ಣಯ: ‘ದ್ರಾಕ್ಷಿಯ ಬೂದಿರೋಗ’ ಎಂದು ಹುಡುಕಿದಾಗ ಸಾವಿರ ಪುಟಗಳಲ್ಲಿ ಯಾವುದನ್ನು ಮೊದಲು ತೋರಿಸಬೇಕು ಎಂಬುದನ್ನು ತೀರ್ಮಾನಿಸುತ್ತದೆ.

ಈ ತೀರ್ಮಾನದ ತಳಹದಿಯು ಸರಳವಾದುದು. ಪರಊರಿನಿಂದ ಬಂದವನೊಬ್ಬನು ಒಳ್ಳೆಯ ವೈದ್ಯರು ಯಾರೆಂದು ವಿಚಾರಿಸಿದಾಗ, ತಿಳಿದ ಹತ್ತು ಜನರು ಒಬ್ಬರ ಹೆಸರನ್ನೇ ಹೇಳಿದರೆ ಅವನು ಅವರಲ್ಲಿಗೆ ಹೋಗುತ್ತಾನೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಇದೇ ವಿಚಾರವನ್ನು ಗಣಿತಕ್ಕೆ ಒಳಪಡಿಸಿದರು. ಒಂದು ಪುಟವು ಇನ್ನೊಂದಕ್ಕೆ ಕೊಡುವ ಕೊಂಡಿಯನ್ನು ಅವರು ಒಂದು ಸಾಕ್ಷ್ಯವೆಂದು ಎಣಿಸಿದರು. ಗೌರವವುಳ್ಳ ಪುಟದ ಸಾಕ್ಷ್ಯಕ್ಕೆ ಹೆಚ್ಚಿನ ತೂಕವನ್ನಿತ್ತರು. 1998ರಲ್ಲಿ ಅವರು ಸ್ಥಾಪಿಸಿದ ಗೂಗಲ್ ಸಂಸ್ಥೆಯು ಇಂದು ಇನ್ನೂ ಅನೇಕ ಅಂಶಗಳನ್ನು ಪರಿಗಣಿಸುತ್ತದೆಯಾದರೂ ಕೊಂಡಿಯ ಮಹತ್ವವು ಹೋಗಿಲ್ಲ.

ಕನ್ನಡದ ಪ್ರಕಾಶಕರಿಗೆ ಇದಕ್ಕೂ ಮೊದಲು ಒಂದು ತೊಡಕಿದ್ದಿತು. ಡಾ. ಯು. ಬಿ. ಪವನಜ ಅವರು 1996ರಲ್ಲಿಯೇ ‘ವಿಶ್ವಕನ್ನಡ’ವೆಂಬ ಜಾಲತಾಣವನ್ನು ಪ್ರಾರಂಭಿಸಿದ್ದರು. ಆದರೆ ಆ ಕಾಲದಲ್ಲಿ ಒಂದೊಂದು ತಾಣವೂ ತನ್ನದೇ ಆದ ಅಕ್ಷರಶೈಲಿಯನ್ನೂ ಸಂಕೇತಗಳನ್ನೂ ಬಳಸುತ್ತಿದ್ದಿತು. ಓದುಗನ ಕಣ್ಣಿಗೆ ಅದು ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿತ್ತು. ಜಗತ್ತಿನ ಎಲ್ಲ ಲಿಪಿಗಳಿಗೂ ನಿಶ್ಚಿತ ಸಂಖ್ಯೆಗಳನ್ನು ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನವು ದೊರೆತಿದ್ದರೂ, ಅದು ಬಳಕೆಗೆ ಬರಲು ಅನೇಕ ವರ್ಷಗಳು ಹಿಡಿದವು. ಯೂನಿಕೋಡ್ ಹರಡಿದ ಮೇಲೆಯೇ ಕನ್ನಡದ ಪದವನ್ನು ಹುಡುಕಿ ಕನ್ನಡದ ಪುಟವನ್ನು ತಲುಪುವುದು ಸುಗಮವಾಯಿತು.

ಇನ್ನು ಜಾಹೀರಾತಿನ ವಿಚಾರ. ತೆಲಸಂಗದ ತರುಣಿಯು ಮುಂಬಯಿಯ ವ್ಯಾಪಾರಿಯನ್ನು ಕಂಡು ಜಾಹೀರಾತನ್ನು ಕೇಳಿ ತರಲಾರಳು. ಆ ವ್ಯಾಪಾರಿಗೂ ಅವಳ ಪರಿಚಯವಿಲ್ಲ. ಇವರಿಬ್ಬರ ನಡುವೆ ದಲ್ಲಾಳಿಯಾಗಿ ನಿಲ್ಲುವ ವ್ಯವಸ್ಥೆಗಳಿವೆ. ಅವುಗಳಲ್ಲಿ ಪ್ರಸಿದ್ಧವಾದ ‘ಆಡ್‌ಸೆನ್ಸ್’ ಎಂಬುದನ್ನು ಗೂಗಲ್ ಸಂಸ್ಥೆಯು 2003ರಲ್ಲಿ ಆರಂಭಿಸಿತು. ಪ್ರಕಾಶಕನು ತನ್ನ ಪುಟದಲ್ಲಿ ಸ್ಥಳವನ್ನು ಬಿಟ್ಟುಕೊಡುತ್ತಾನೆ. ಓದುಗನು ಪುಟವನ್ನು ತೆರೆದ ಕ್ಷಣದಲ್ಲಿಯೇ ಆ ಸ್ಥಳಕ್ಕಾಗಿ ಜಾಹೀರಾತುದಾರರ ನಡುವೆ ಯಂತ್ರದ ಮೂಲಕ ಹರಾಜು ನಡೆಯುತ್ತದೆ. ಗೆದ್ದವನ ಜಾಹೀರಾತು ಅಲ್ಲಿ ಕಾಣಿಸುತ್ತದೆ. ಜಾಹೀರಾತುದಾರನು ವೆಚ್ಚಮಾಡಿದ ನೂರು ರೂಪಾಯಿಗಳಲ್ಲಿ ಸುಮಾರು 68 ರೂಪಾಯಿಗಳು ಪ್ರಕಾಶಕನಿಗೆ ಸೇರುತ್ತವೆಂದು ಸಂಸ್ಥೆಯು ತಿಳಿಸಿದೆ. ಗಳಿಕೆಯು 10 ಡಾಲರುಗಳನ್ನು ಮುಟ್ಟಿದಾಗ ಪ್ರಕಾಶಕನ ವಿಳಾಸವನ್ನು ಪರೀಕ್ಷಿಸಲು ಒಂದು ಗುಪ್ತಸಂಖ್ಯೆಯು ಅಂಚೆಯಲ್ಲಿ ಬರುತ್ತದೆ. 100 ಡಾಲರುಗಳಾದ ಮೇಲೆ ಹಣವು ಸಂದಾಯವಾಗುತ್ತದೆ. ಮಿಂಚಿನ ವೇಗದ ಈ ವ್ಯವಹಾರದಲ್ಲಿಯೂ ಊರಿನ ಅಂಚೆಯವನಿಗೆ ಒಂದು ಪಾತ್ರವಿರುವುದು ಸ್ವಾರಸ್ಯಕರವಾಗಿದೆ.

ಈ ವ್ಯವಸ್ಥೆಯಲ್ಲಿ ಸೇರುವವರು ಕೆಲವು ನಿಯಮಗಳಿಗೆ ಬದ್ಧರಾಗಬೇಕು. ತನ್ನ ಪುಟದ ಜಾಹೀರಾತನ್ನು ಪ್ರಕಾಶಕನು ತಾನೇ ಒತ್ತಬಾರದು. ಒತ್ತಿರೆಂದು ಗೆಳೆಯರನ್ನು ಕೇಳಿಕೊಳ್ಳಲೂ ಬಾರದು. ಅದು ಜಾಹೀರಾತುದಾರನ ಜೇಬಿಗೆ ಕೈಹಾಕಿದಂತೆ. ಪರರ ಬರಹವನ್ನು ನಕಲು ಮಾಡಿ ತನ್ನದೆಂದು ಹಾಕಬಾರದು. ಜಾಹೀರಾತನ್ನು ಲೇಖನದ ಭಾಗವೆಂದೋ ತಾಣದ ಗುಂಡಿಯೆಂದೋ ಭ್ರಮೆ ಹುಟ್ಟಿಸುವಂತೆ ಇಡಬಾರದು. ಬರಹಕ್ಕಿಂತ ಜಾಹೀರಾತೇ ಹೆಚ್ಚಾಗಬಾರದು. ಹದಿನೆಂಟು ವರ್ಷ ತುಂಬದವರು ತಮ್ಮ ಹೆಸರಿನಲ್ಲಿಯೇ ಖಾತೆಯನ್ನು ತೆರೆಯುವಂತಿಲ್ಲ.

ಶೋಧಯಂತ್ರದ ನಿಯಮಗಳು ಬೇರೆ. ಫಲಿತಾಂಶಗಳ ಜೊತೆಗೆ ಹಣಕೊಟ್ಟು ಹಾಕಿಸಿದ ಜಾಹೀರಾತುಗಳೂ ಕಾಣುವುದುಂಟು. ಅವಕ್ಕೆ ಪ್ರಾಯೋಜಿತವೆಂಬ ಗುರುತಿರುತ್ತದೆ. ಉಳಿದ ಸಹಜ ಫಲಿತಾಂಶಗಳಲ್ಲಿ ಸ್ಥಾನವನ್ನು ಹಣಕ್ಕೆ ಕೊಳ್ಳಲು ಬರುವುದಿಲ್ಲವೆಂಬುದು ಸಂಸ್ಥೆಯ ಘೋಷಿತ ನಿಯಮವಾಗಿದೆ. ಕೊಂಡಿಯು ಸಾಕ್ಷ್ಯವೆಂದ ಮೇಲೆ ಹಣಕ್ಕಾಗಿ ಕೊಟ್ಟ ಕೊಂಡಿಯು ಸುಳ್ಳುಸಾಕ್ಷ್ಯವಾಗುತ್ತದೆ. ಆದುದರಿಂದ ಅಂತಹ ಕೊಂಡಿಗೆ ಯಂತ್ರವು ಗುರುತಿಸಬಲ್ಲ ಚಿಹ್ನೆಯನ್ನು ಹಚ್ಚಬೇಕು. ಈ ಉದ್ದೇಶಕ್ಕೆ ಒದಗುವ ಚಿಹ್ನೆಯೊಂದು 2005ರಲ್ಲಿ ಬಂದಿತು. ಪ್ರಾಯೋಜಿತ ಕೊಂಡಿಗಳಿಗೆಂದೇ ಪ್ರತ್ಯೇಕ ಚಿಹ್ನೆಯು 2019ರಲ್ಲಿ ಬಂದಿತು. ಯಂತ್ರದಿಂದ ಬರೆಸಿದ ನಿಸ್ಸಾರ ಪುಟಗಳನ್ನು ರಾಶಿರಾಶಿಯಾಗಿ ಹಾಕುವುದನ್ನೂ, ಹೆಸರುವಾಸಿಯಾದ ತಾಣದ ಮೂಲೆಯೊಂದನ್ನು ಶ್ರೇಣಿಯ ಆಸೆಯಿಂದ ಪರರಿಗೆ ಬಾಡಿಗೆ ಕೊಡುವುದನ್ನೂ 2024ರ ಮಾರ್ಚಿಯಲ್ಲಿ ಪ್ರಕಟವಾದ ನಿಯಮಗಳು ನಿಷೇಧಿಸಿವೆ.

ನಿಯಮವನ್ನು ಮೀರಿದರೆ ಏನಾಗುತ್ತದೆ? 2006ರಲ್ಲಿ ಜರ್ಮನಿಯ ಪ್ರಸಿದ್ಧ ಕಾರು ಕಂಪನಿಯಾದ ಬಿಎಂಡಬ್ಲ್ಯು ಸಂಸ್ಥೆಯ ಜರ್ಮನ್ ತಾಣವು ಯಂತ್ರಕ್ಕೆ ಒಂದು ಪುಟವನ್ನೂ ಓದುಗರಿಗೆ ಇನ್ನೊಂದು ಪುಟವನ್ನೂ ತೋರಿಸಿತೆಂದು ಗೂಗಲ್ ಅದನ್ನು ಕೆಲವು ದಿನ ತನ್ನ ಸೂಚಿಯಿಂದಲೇ ತೆಗೆದುಹಾಕಿತು. 2012ರ ಜನವರಿಯಲ್ಲಿ ಗೂಗಲ್ ಸಂಸ್ಥೆಯ ‘ಕ್ರೋಮ್’ ಎಂಬ ತಂತ್ರಾಂಶದ ಪ್ರಚಾರದಲ್ಲಿ ಹಣಕೊಟ್ಟ ಕೊಂಡಿಯು ಕಂಡುಬಂದಾಗ, ಸಂಸ್ಥೆಯು ತನ್ನದೇ ಆದ ಕ್ರೋಮ್ ಪುಟದ ಸ್ಥಾನವನ್ನು ಕೆಳಗಿಳಿಸಿತು.

ಈಗ ನಮ್ಮ ತರುಣಿಯ ಪ್ರಸಂಗಕ್ಕೆ ಹಿಂದಿರುಗೋಣ. ಒಂದು ದಿನ ಅವಳಿಗೆ ಒಂದು ಪತ್ರ ಬರುತ್ತದೆ. “ನಿಮ್ಮ ತಾಣವನ್ನು ದ್ರಾಕ್ಷಿಯ ಬೆಳೆಗಾರರು ನಂಬಿ ಓದುತ್ತಾರೆ. ಬೂದಿರೋಗಕ್ಕೆ ನಮ್ಮ ಔಷಧಿಯೇ ಪರಿಹಾರವೆಂದು ಒಂದು ಲೇಖನವನ್ನು ಹಾಕಿರಿ. ನಮ್ಮ ತಾಣಕ್ಕೆ ಕೊಂಡಿಯನ್ನು ಕೊಡಿರಿ. ಅದು ಜಾಹೀರಾತೆಂದು ಹೇಳುವುದು ಬೇಡ.” ಅವರು ಕೊಡುವ ಹಣವು ಅವಳ ಹಲವು ತಿಂಗಳ ಗಳಿಕೆಗೆ ಸಮನಾಗಿದೆ. ಅವಳು ಔಷಧಿಯನ್ನು ಕಂಡಿಲ್ಲ; ಅದರ ಗುಣವನ್ನು ಅರಿಯಳು.

ಅವಳು ಒಪ್ಪಿದಳೆನ್ನೋಣ. ಸಾಲ ಮಾಡಿ ತೋಟ ಹಚ್ಚಿದ ರೈತನೊಬ್ಬನು ಅವಳ ಮಾತನ್ನು ನಂಬಿ ಆ ಔಷಧಿಯನ್ನೇ ಹೊಡೆಯುತ್ತಾನೆ. ಔಷಧಿಯು ಫಲಿಸದೆ ರೋಗವು ಬಳ್ಳಿಯಿಂದ ಬಳ್ಳಿಗೆ ಹಬ್ಬುತ್ತದೆ. ಗೊನೆಗಳು ಬಿರಿದು ಹಾಳಾಗುತ್ತವೆ. ಅವಳಿಗೆ ಹಣ ಬಂದಿತು, ಕಂಪನಿಗೆ ಮಾರಾಟವಾಯಿತು, ನಷ್ಟವೆಲ್ಲ ಓದಿ ನಂಬಿದವನ ಪಾಲಿಗೆ ಬಂದಿತು. ನಿಯಮವು ಯಾರ ರಕ್ಷಣೆಗಾಗಿ ಇದೆ ಎಂಬುದು ಈ ಉದಾಹರಣೆಯಿಂದ ಸ್ಪಷ್ಟವಾಗುತ್ತದೆ.

ಇದು ಕೇವಲ ಒಂದು ಕಂಪನಿಯ ನಿಯಮವಲ್ಲ. ನಾಡಿನ ಕಾನೂನಿನ ವಿಷಯವೂ ಆಗಿದೆ. ರೋಗಗಳನ್ನು ಪವಾಡದಿಂದ ವಾಸಿಮಾಡುವೆವೆಂಬ ಜಾಹೀರಾತುಗಳನ್ನು 1954ರ ಕಾಯಿದೆಯೊಂದು ತಡೆಯುತ್ತದೆ. ಜಾಹೀರಾತು ಕ್ಷೇತ್ರವೇ ತನಗೆ ತಾನು ವಿಧಿಸಿಕೊಂಡ ಕಟ್ಟುಪಾಡುಗಳನ್ನು ನೋಡಿಕೊಳ್ಳಲು ಭಾರತೀಯ ಜಾಹೀರಾತು ಮಾನಕ ಮಂಡಳಿಯು 1985ರಲ್ಲಿ ಸ್ಥಾಪನೆಗೊಂಡಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ, ಅದರ ಅಡಿಯಲ್ಲಿ 2022ರಲ್ಲಿ ಹೊರಟ ಮಾರ್ಗಸೂಚಿಗಳೂ ದಾರಿತಪ್ಪಿಸುವ ಜಾಹೀರಾತುಗಳನ್ನು ಶಿಕ್ಷಾರ್ಹವೆಂದು ಪರಿಗಣಿಸುತ್ತವೆ. ಓದುಗರ ಚಲನವಲನಗಳನ್ನು ಹಿಂಬಾಲಿಸಿ ಅವರ ಅಭಿರುಚಿಗೆ ತಕ್ಕ ಜಾಹೀರಾತುಗಳನ್ನು ತೋರಿಸುವ ಪದ್ಧತಿಯೊಂದಿದೆ. ಹದಿನೆಂಟು ವರ್ಷದೊಳಗಿನವರನ್ನು ಹೀಗೆ ಹಿಂಬಾಲಿಸುವುದನ್ನು ವ್ಯಕ್ತಿಗತ ಮಾಹಿತಿಯ ರಕ್ಷಣೆಗಾಗಿ 2023ರಲ್ಲಿ ರಚಿತವಾದ ಕಾಯಿದೆಯು ನಿಷೇಧಿಸುತ್ತದೆ. ಈ ಪಾಠವನ್ನು ಓದುತ್ತಿರುವ ನಿಮ್ಮ ವಯಸ್ಸಿನವರನ್ನು ಕುರಿತ ಮಾತು ಇದು.

ನಿಯಮಗಳು ಒಳ್ಳೆಯವೆಂದ ಮಾತ್ರಕ್ಕೆ ಅವುಗಳನ್ನು ನಡೆಸುವವರನ್ನು ಪ್ರಶ್ನಿಸಬಾರದೆಂದಿಲ್ಲ. ಊರಿಗೆ ಹೋಗುವ ದಾರಿ, ಸಂತೆಯ ಮೈದಾನ, ತಕ್ಕಡಿ, ಸುಂಕದ ಕಟ್ಟೆ, ನ್ಯಾಯದ ಕಟ್ಟೆ ಇವೆಲ್ಲವೂ ಒಬ್ಬನ ಕೈಯಲ್ಲಿಯೇ ಇದ್ದರೆ ಸಣ್ಣ ವ್ಯಾಪಾರಿಯ ಗತಿಯೇನು? ಖಾತೆಯನ್ನು ರದ್ದುಮಾಡಿದಾಗ ಪ್ರಕಾಶಕನು ಮನವಿಯನ್ನು ಸಲ್ಲಿಸಬಹುದು. ಆದರೆ ಅದನ್ನು ತೀರ್ಮಾನಿಸುವವರೂ ರದ್ದುಮಾಡಿದವರೇ. ಯಾವ ಭಾಷೆಗೆ ಈ ವ್ಯವಸ್ಥೆಯಲ್ಲಿ ಸ್ಥಾನವೆಂಬುದನ್ನೂ ಸಂಸ್ಥೆಯೇ ನಿರ್ಧರಿಸುತ್ತದೆ. ಆಡ್‌ಸೆನ್ಸ್ ವ್ಯವಸ್ಥೆಯು ಹಿಂದಿಯನ್ನು ಒಪ್ಪಿಕೊಂಡುದು 2014ರಲ್ಲಿ. ಕನ್ನಡವು ಅದಕ್ಕೂ ಅನಂತರ ಕಾಯಬೇಕಾಯಿತು. ಹುಡುಕುವವರಿಗೆ ಯಂತ್ರವೇ ಉತ್ತರದ ಸಾರಾಂಶವನ್ನು ಬರೆದುಕೊಡುವ ಪದ್ಧತಿಯು 2024ರಲ್ಲಿ ಭಾರತಕ್ಕೂ ಬಂದಿತು. ಸಾರಾಂಶದಿಂದಲೇ ತೃಪ್ತನಾದವನು ಮೂಲ ಪುಟಕ್ಕೆ ಬರುವುದಿಲ್ಲ. ಅವನು ಬಾರದಿದ್ದರೆ ಜಾಹೀರಾತಿನ ಹಣವೂ ಬಾರದು.

ಈ ಏಕಸ್ವಾಮ್ಯದ ಪ್ರಶ್ನೆಯು ನ್ಯಾಯಪೀಠಗಳ ಮುಂದೆಯೂ ಬಂದಿದೆ. ಶೋಧದ ಫಲಿತಾಂಶಗಳಲ್ಲಿ ಪಕ್ಷಪಾತವನ್ನು ತೋರಿಸಿತೆಂದು ಭಾರತದ ಸ್ಪರ್ಧಾ ಆಯೋಗವು 2018ರಲ್ಲಿ ಗೂಗಲ್ ಸಂಸ್ಥೆಗೆ 135.86 ಕೋಟಿ ರೂಪಾಯಿಗಳ ದಂಡವನ್ನು ವಿಧಿಸಿತು. ಸುದ್ದಿ ಪ್ರಕಾಶಕರ ದೂರಿನ ಮೇಲೆ 2022ರಲ್ಲಿ ಇನ್ನೊಂದು ತನಿಖೆಗೆ ಆದೇಶವಿತ್ತಿತು. ಅಮೆರಿಕದ ನ್ಯಾಯಾಲಯಗಳು 2024ರಲ್ಲಿ ಶೋಧದ ವಿಷಯವಾಗಿಯೂ, 2025ರಲ್ಲಿ ಜಾಹೀರಾತಿನ ತಂತ್ರಜ್ಞಾನದ ವಿಷಯವಾಗಿಯೂ ಆ ಸಂಸ್ಥೆಯ ಏಕಸ್ವಾಮ್ಯವು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತವು.

ಹಾಗಾದರೆ ಸಣ್ಣ ಪ್ರಕಾಶಕನು ಮಾಡಬೇಕಾದುದೇನು? ಮಳೆಯನ್ನು ನಂಬಿದ ರೈತನು ಹೊಲಕ್ಕೆಲ್ಲ ಒಂದೇ ಬೆಳೆಯನ್ನು ಹಾಕುವುದಿಲ್ಲ. ಒಂದು ಕೈಕೊಟ್ಟರೆ ಇನ್ನೊಂದು ಹಿಡಿದೀತೆಂದು ನಡುನಡುವೆ ತೊಗರಿಯ ಸಾಲುಗಳನ್ನು ಬಿತ್ತುತ್ತಾನೆ. ಪ್ರಕಾಶಕನಿಗೂ ಅದೇ ವಿವೇಕವು ಬೇಕು. ಮೆಚ್ಚಿದ ಓದುಗರಿಂದ ವರ್ಷಕ್ಕಿಷ್ಟೆಂದು ಚಂದಾ ಪಡೆಯಬಹುದು. ಅಥಣಿಯ ಬೀಜದ ಅಂಗಡಿಯಿಂದಲೋ, ಕೊಲ್ಹಾಪುರಿ ಚಪ್ಪಲಿಯನ್ನು ಹೊಲಿಯುವ ಅಲ್ಲಿಯ ಕುಶಲಕರ್ಮಿಗಳಿಂದಲೋ ನೇರವಾಗಿ ಜಾಹೀರಾತನ್ನು ಪಡೆದು, ಅದರ ನೆತ್ತಿಯ ಮೇಲೆ ‘ಜಾಹೀರಾತು’ ಎಂದು ಬರೆದು ಹಾಕಬಹುದು. ದೂರದ ದಲ್ಲಾಳಿಯು ನಾಳೆ ಬಾಗಿಲು ಮುಚ್ಚಿದರೂ ತಾಣವು ಆಗ ಉಸಿರಾಡುತ್ತದೆ.

ನಮ್ಮ ತರುಣಿಯು ಆ ಪತ್ರಕ್ಕೆ ಏನೆಂದು ಉತ್ತರಿಸಬೇಕು? “ನಿಮ್ಮ ಔಷಧಿಯು ನೋಂದಣಿಯಾದುದಾಗಿದ್ದರೆ ಜಾಹೀರಾತೆಂದು ಹೆಸರಿಸಿ ಪ್ರಕಟಿಸುತ್ತೇನೆ. ಲೇಖನದ ವೇಷದಲ್ಲಿ ಪ್ರಕಟಿಸಲಾರೆ” ಎಂಬ ಎರಡು ಮಾತುಗಳು ಸಾಕು. ಹಣವು ಬಹುಶಃ ಬರಲಿಕ್ಕಿಲ್ಲ. ಆದರೆ ಮುಂದಿನ ಹಂಗಾಮಿನಲ್ಲಿ ಎಲೆಯ ಮೇಲೆ ಬೂದಿಯನ್ನು ಕಂಡು ಕಳವಳಗೊಂಡ ರೈತನು ಮತ್ತೆ ಅವಳ ಪುಟವನ್ನೇ ತೆರೆಯುತ್ತಾನೆ. ಗಳಗನಾಥರು ಪುಸ್ತಕದ ಹೊರೆಯನ್ನು ಹೊತ್ತು ಒಂದು ಊರಿಗೆ ಎರಡನೆಯ ಸಲ ಹೋಗಬೇಕಾದರೆ, ಮೊದಲನೆಯ ಸಲ ಕೊಂಡವನಿಗೆ ಮೋಸವಾಗಿರಬಾರದು. ದಾರಿಯು ಬದಲಾಗಿದೆ, ಹೊರೆಯು ಹಗುರಾಗಿದೆ, ಆ ನಿಯಮವು ಮಾತ್ರ ಹಾಗೆಯೇ ಉಳಿದಿದೆ.