ಓದಿನ ಹಂಬಲವೂ ಓದುವ ಬಗೆಯೂ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಈ ಮಾತನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಹೇಗೆ ಓದಬೇಕೆಂದು ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲವೆಂಬುದನ್ನು ತಿಳಿಸಲು ಹೇಳುತ್ತಿದ್ದೇನೆ. "ಚೆನ್ನಾಗಿ ಓದಪ್ಪ" ಎಂದು ಹರಸುವವರು ಊರ ತುಂಬ ಇದ್ದರು. ಚೆನ್ನಾಗಿ ಎಂದರೆ ಹೇಗೆ?

ಮೊದಲ ವರ್ಷ ನಾನು ಕಂಡುಕೊಂಡ ಉತ್ತರ ಸುಲಭವಾಗಿತ್ತು: ಹೆಚ್ಚು ಹೊತ್ತು ಓದುವುದು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಇತಿಹಾಸದ ಟಿಪ್ಪಣಿಗಳನ್ನು ಐದಾರು ಸಲ ಗಟ್ಟಿಯಾಗಿ ಓದುತ್ತಿದ್ದೆ. ಮುಖ್ಯವಾದ ಸಾಲುಗಳ ಕೆಳಗೆ ಕೆಂಪು ಗೆರೆ ಎಳೆಯುತ್ತಿದ್ದೆ. ಕ್ರಮೇಣ ಗೆರೆಯಿಲ್ಲದ ಸಾಲೇ ಉಳಿಯಲಿಲ್ಲ. ಪುಟ ತೆರೆದರೆ ಎಲ್ಲವೂ ಪರಿಚಿತವಾಗಿ ತೋರುತ್ತಿತ್ತು. ಆದರೆ ಆಂತರಿಕ ಪರೀಕ್ಷೆಯಲ್ಲಿ ಉತ್ತರವು ಯಾವ ಪುಟದ ಯಾವ ಮೂಲೆಯಲ್ಲಿದೆಯೆಂಬುದು ನೆನಪಾಯಿತೇ ಹೊರತು ಉತ್ತರ ನೆನಪಾಗಲಿಲ್ಲ. ಬಂದ ಅಂಕಗಳನ್ನು ಇಲ್ಲಿ ಬರೆಯಲು ಸಂಕೋಚವಾಗುತ್ತದೆ. ಆ ಶನಿವಾರ ಊರಿನ ಬಸ್ಸಿನಲ್ಲಿ ಕುಳಿತು, ಓದು ನಮ್ಮಂಥವರಿಗಲ್ಲ, ಪೇಟೆಯಲ್ಲಿ ಯಾವುದಾದರೂ ಅಂಗಡಿಗೆ ಸೇರಿಕೊಳ್ಳುವುದೇ ಮೇಲೆಂದು ನಿಶ್ಚಯಿಸಿದೆ.

ಮನೆಯಲ್ಲಿ ರೇಷ್ಮೆಹುಳುಗಳು ನಾಲ್ಕನೆಯ ಜ್ವರದಿಂದ ಎದ್ದಿದ್ದವು. ರೇಷ್ಮೆ ಸಾಕುವವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಹುಳು ನಾಲ್ಕು ಸಲ ಮೇವು ಬಿಟ್ಟು ಪೊರೆ ಕಳಚುತ್ತದೆ. ನಾಲ್ಕನೆಯ ಸಲದ ಅನಂತರ ಗೂಡು ಕಟ್ಟುವವರೆಗೆ ಅದರ ಹಸಿವು ಹೇಳತೀರದು. ರಾತ್ರಿಯೂ ಸೊಪ್ಪು ಹಾಕಬೇಕು. ಸೊಪ್ಪು ಹರಡುತ್ತಿದ್ದ ಅವ್ವ, ತೂಕಡಿಕೆ ಬಾರದಿರಲೆಂದು, "ಕಾಲೇಜಲ್ಲಿ ಏನ್ ಹೇಳ್ಕೊಟ್ರು ಮಗ, ಒಸಿ ಹೇಳು" ಎಂದಳು. 1831ರಲ್ಲಿ ಇಂಗ್ಲಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತವನ್ನು ಕಸಿದುಕೊಂಡದ್ದನ್ನೂ, 1881ರಲ್ಲಿ ಅದನ್ನು ಒಡೆಯರ ಮನೆತನಕ್ಕೆ ಮರಳಿಸಿದ್ದನ್ನೂ ಹೇಳಿದೆ. "ಕಿತ್ಕೊಂಡಿದ್ದನ್ನ ವಾಪಸ್ ಯಾಕ್ ಕೊಟ್ರು? ಯಾರಾದ್ರೂ ಹಂಗೆ ಕೊಡ್ತಾರಾ?" ಎಂದು ಅವ್ವ ಕೇಳಿದಳು. ಐದು ಸಲ ಓದಿದ ಪಾಠ, ನನ್ನಲ್ಲಿ ಉತ್ತರವಿರಲಿಲ್ಲ.

ಸೋಮವಾರ ಅಂಗಡಿ ಹುಡುಕುವ ಬದಲು ಗ್ರಂಥಾಲಯಕ್ಕೆ ಹೋದೆ. ಮುಮ್ಮಡಿಯವರು ವರ್ಷಾನುಗಟ್ಟಲೆ ಬಿಡದೆ ಮನವಿ ಮಾಡಿಕೊಂಡದ್ದು, 1857ರ ಬಂಡಾಯದ ಅನಂತರ ದೇಶೀಯ ರಾಜರ ವಿಷಯದಲ್ಲಿ ಇಂಗ್ಲಿಷರ ಧೋರಣೆ ಬದಲಾದದ್ದು, 1865ರಲ್ಲಿ ದತ್ತು ತೆಗೆದುಕೊಂಡ ಮಗುವಿಗೆ ಮಾನ್ಯತೆ ದೊರೆತದ್ದು, ಎಲ್ಲವನ್ನೂ ಒಂದೇ ಸಲ ಓದಿದೆ. ಆ ವಾರದ ಕೊನೆಗೆ ಅವ್ವನಿಗೆ ಹೇಳಿದೆ. ಇಂದಿಗೂ ಮರೆತಿಲ್ಲ.

ಇದೇಕೆ ಹೀಗೆಂದು ತಿಳಿಯಲು ಮನಶ್ಶಾಸ್ತ್ರದ ಪುಸ್ತಕಗಳನ್ನೂ ತಿರುವಿಹಾಕಿದೆ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವು ಮೊದಮೊದಲು ಅತಿ ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ನಡೆಯುವುದೆಂದು 1885ರಲ್ಲಿ ಪ್ರಕಟಿಸಿದನು. ನನ್ನ ಕಣ್ಣು ತೆರೆಸಿದ್ದು 2006ರಲ್ಲಿ ಅಮೆರಿಕೆಯ ರೋಡಿಗರ್ ಮತ್ತು ಕಾರ್ಪಿಕೆ ಪ್ರಕಟಿಸಿದ ಪ್ರಯೋಗ. ವಿದ್ಯಾರ್ಥಿಗಳು ಒಂದೊಂದು ಗದ್ಯಭಾಗವನ್ನು ಓದಿದರು. ಬಳಿಕ ಒಂದು ಭಾಗವನ್ನು ಮತ್ತೊಮ್ಮೆ ಓದಿದರು. ಇನ್ನೊಂದನ್ನು ನೋಡದೆಯೇ ನೆನಪಿನಿಂದ ಬರೆದರು. ಐದು ನಿಮಿಷದ ಅನಂತರ ಕೇಳಿದರೆ ಮರು ಓದಿದ್ದೇ ಮೇಲು: ನೂರಕ್ಕೆ 81, ನೆನಪಿನಿಂದ ಬರೆದದ್ದು 75. ವಾರದ ಅನಂತರ ಕೇಳಿದರೆ ತಕ್ಕಡಿ ತಿರುಗಿತು: ಮರು ಓದಿದ್ದು 42, ನೆನಪಿನಿಂದ ಬರೆದದ್ದು 56. ಪರೀಕ್ಷೆ ಐದು ನಿಮಿಷದಲ್ಲೇ ಬರುವಂತಿದ್ದರೆ ನನ್ನ ಕೆಂಪು ಗೆರೆಗಳೂ ಸಾಕಾಗುತ್ತಿದ್ದವು! ಪುಸ್ತಕ ಮುಚ್ಚಿ ತಡಕಾಡುವ ಆ ಕಷ್ಟವೇ ವಿಷಯವನ್ನು ನೆಲೆಗೊಳಿಸುತ್ತದೆ.

ಕಣ್ಣಿನಿಂದ ಕಲಿಯುವವರು, ಕಿವಿಯಿಂದ ಕಲಿಯುವವರು ಎಂದು ಹುಟ್ಟಿನಿಂದಲೇ ಬೇರೆಬೇರೆ ಜಾತಿಗಳಿವೆಯೆಂಬ ಮಾತೂ ಪ್ರಚಾರದಲ್ಲಿದೆ. 2008ರಲ್ಲಿ ಪ್ಯಾಶ್ಲರ್ ಮೊದಲಾದ ನಾಲ್ವರು ವಿದ್ವಾಂಸರು ಇದನ್ನು ಪರಿಶೀಲಿಸಿ, ಹೀಗೆ ವಿಂಗಡಿಸಿ ಪಾಠ ಹೇಳಿದರೆ ಲಾಭವೆಂಬುದಕ್ಕೆ ತಕ್ಕ ಆಧಾರವಿಲ್ಲವೆಂದರು. ಹಾಗಾದರೆ ಸ್ವಂತ ಬಗೆಯೆಂಬುದೇ ಇಲ್ಲವೆ? ಇದೆ, ಆದರೆ ಸಣ್ಣ ಸಂಗತಿಗಳಲ್ಲಿ. ಹಾಸ್ಟೆಲಿನ ನನ್ನ ಮಿತ್ರನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನೆನಪಿನಿಂದ ಬರೆದು, ಆಮೇಲೆ ಪುಸ್ತಕ ನೋಡಿ ತಿದ್ದುತ್ತಾನೆ. ನನಗೋ ಕೇಳುವವರೊಬ್ಬರು ಬೇಕು. ಇಬ್ಬರ ಪುಸ್ತಕವೂ ಮುಚ್ಚಿರುತ್ತದೆ.

ಇನ್ನು ಹಂಬಲದ ಮಾತು. 1973ರಲ್ಲಿ ಲೆಪ್ಪರ್ ಮತ್ತು ಸಂಗಡಿಗರು, ಚಿತ್ರ ಬರೆಯುವುದನ್ನು ಇಷ್ಟಪಡುತ್ತಿದ್ದ ಎಳೆಯ ಮಕ್ಕಳಲ್ಲಿ ಕೆಲವರಿಗೆ ಬಹುಮಾನದ ಆಸೆ ತೋರಿಸಿ ಬರೆಯಿಸಿದರು. ಒಂದೆರಡು ವಾರಗಳ ಬಳಿಕ ತಮ್ಮ ಇಚ್ಛೆಯಂತೆ ಆಡಲು ಬಿಟ್ಟಾಗ, ಉಳಿದವರಿಗಿಂತ ಆ ಮಕ್ಕಳೇ ಚಿತ್ರದ ಕಡೆ ಕಡಮೆ ಸುಳಿದರು. ಹಾಗೆಂದು ನಮ್ಮ ವಿದ್ಯಾರ್ಥಿವೇತನವನ್ನು ನಿಲ್ಲಿಸಬಹುದೆಂದು ದಯವಿಟ್ಟು ಯಾರೂ ಅರ್ಥ ಮಾಡಬಾರದು. ಹಸಿದ ಹೊಟ್ಟೆಗೆ ಯಾವ ಕುತೂಹಲವೂ ಹುಟ್ಟದು. ಕೆಲಸ ಸಿಕ್ಕಬೇಕು, ಅಪ್ಪನ ಸಾಲ ತೀರಬೇಕು ಎಂಬ ಚಿಂತೆ ನನ್ನನ್ನು ನಾಲ್ಕು ಗಂಟೆಗೆ ಎಬ್ಬಿಸುತ್ತಿದ್ದುದು ನಿಜ. ಆದರೆ ಎದ್ದು ಕುಳಿತ ಮೇಲೆ ಆ ಚಿಂತೆಯೇ ಪುಟದ ಮೇಲೆ ನೆರಳಾಗಿ ಬೀಳುತ್ತಿತ್ತು. ಅವ್ವನ ಪ್ರಶ್ನೆ ಹಾಗಲ್ಲ. ಅದಕ್ಕೆ ಉತ್ತರ ಸಿಕ್ಕಾಗ, ನನ್ನಿಂದಲೂ ಆಗುತ್ತದೆಯೆಂದು ಮೊದಲ ಬಾರಿಗೆ ಅನ್ನಿಸಿತು. ಮರುದಿನ ಯಾರೂ ಎಬ್ಬಿಸದೆ ಎದ್ದೆ.

ಈ ಸಲದ ಬೆಳೆ ಎರಡನೆಯ ಜ್ವರದಲ್ಲಿದೆ. ಕೊನೆಯ ಸೆಮಿಸ್ಟರಿನ ಅರ್ಥಶಾಸ್ತ್ರ ಇನ್ನೂ ಅವ್ವನವರೆಗೆ ಹೋಗಿಲ್ಲ. ಹಣದುಬ್ಬರವನ್ನು ವಿವರಿಸಹೊರಟರೆ ಅವಳು ಗೂಡಿನ ದರವನ್ನು ಮುಂದಿಟ್ಟು ಏನು ಕೇಳುವಳೋ ಎಂಬ ಅಳುಕು ನನಗಿದೆ.