ನಕಾಶೆಯಲ್ಲಿ ಮೊದಲು ನೆಲ ನೋಡಿ

ಅಮೆರಿಕದ ಮಿನ್ನೆಸೋಟ ರಾಜ್ಯದ ಈಶಾನ್ಯ ಮೂಲೆಯಲ್ಲಿ, ಕೆನಡಾದ ಗಡಿಗೆ ಒತ್ತಿಕೊಂಡು, ಬೌಂಡರಿ ವಾಟರ್ಸ್ ಎಂಬ ಸಂರಕ್ಷಿತ ಕಾಡಿದೆ. ಸುಮಾರು 11 ಲಕ್ಷ ಎಕರೆ ವಿಸ್ತಾರದ ಈ ಕಾಡಿನಲ್ಲಿ, ಹಿಂದೆ ಹಿಮನದಿಗಳು ಬಂಡೆ ಕೊರೆದು ಉಳಿಸಿಹೋದ ಸಾವಿರಕ್ಕೂ ಹೆಚ್ಚು ಸರೋವರಗಳಿವೆ. ಒಳಗೆ ರಸ್ತೆಗಳಿಲ್ಲ. ಕೆನೂ ಎಂಬ ಹಗುರ ದೋಣಿಗೆ ಹುಟ್ಟು ಹಾಕುತ್ತ ಒಂದು ಸರೋವರ ದಾಟಬೇಕು. ನೀರು ಮುಗಿದಲ್ಲಿ ದೋಣಿಯನ್ನೇ ಹೆಗಲಿಗೇರಿಸಿ, ಕಾಲುದಾರಿಯಲ್ಲಿ ನಡೆದು ಮುಂದಿನ ಸರೋವರಕ್ಕೆ ಇಳಿಯಬೇಕು. ಹೀಗೆ ಹೊತ್ತು ಸಾಗುವ ದಾರಿಯನ್ನು ಪೋರ್ಟೇಜ್ ಎನ್ನುತ್ತಾರೆ. ಇಷ್ಟೊಂದು ನೀರಿರುವ ಕಡೆ ಬಿಡಾರ ಹೂಡುವುದೆಲ್ಲಿ ಎಂಬ ಪ್ರಶ್ನೆ ಬಂದಾಗ ಹೆಚ್ಚಿನವರು ಚೆಲುವಿಗೆ ಹೆಸರಾದ ಸರೋವರವನ್ನು ಹುಡುಕುತ್ತಾರೆ. ಮೊದಲು ಹುಡುಕಬೇಕಾದದ್ದು ಪೋರ್ಟೇಜನ್ನು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾರಣ ಅಲ್ಲಿನ ನಿಯಮದಲ್ಲೇ ಇದೆ. ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ಒಂದೊಂದು ಪ್ರವೇಶದ್ವಾರದಿಂದ ದಿನಕ್ಕೆ ಇಂತಿಷ್ಟೇ ತಂಡಗಳು ರಾತ್ರಿ ತಂಗಲು ಒಳಹೋಗಬಹುದು. ತಂಡದಲ್ಲಿ 9 ಜನ, 4 ದೋಣಿ ಮೀರುವಂತಿಲ್ಲ. ಆದರೆ ಈ ಪರವಾನಗಿ ಕಾಯ್ದಿರಿಸುವುದು ಒಳಹೋಗುವ ದಿನ ಮತ್ತು ದ್ವಾರವನ್ನು ಮಾತ್ರ, ಬಿಡಾರದ ಜಾಗವನ್ನಲ್ಲ. ಒಲೆಗೆ ಕಬ್ಬಿಣದ ಜಾಲರಿ ಹಾಕಿ ಗುರುತು ಮಾಡಿಟ್ಟ ಜಾಗಗಳಲ್ಲೇ ಗುಡಾರ ಹಾಕಬೇಕು, ಅವೂ ಮೊದಲು ಬಂದವರ ಪಾಲು. ಹೀಗಾಗಿ ಸಲೀಸಾಗಿ ತಲುಪುವ ಸರೋವರಗಳಲ್ಲಿ ಜನ ಸೇರುತ್ತಾರೆ. ಅವರನ್ನು ಚದುರಿಸುವುದು ನಡುವಿನ ನೆಲ. ಪೋರ್ಟೇಜಿನ ಉದ್ದವನ್ನು ಅಲ್ಲಿ ರಾಡ್ ಎಂಬ ಹಳೆಯ ಅಳತೆಯಲ್ಲಿ ಹೇಳುತ್ತಾರೆ; ಒಂದು ರಾಡ್ ಎಂದರೆ ಹೆಚ್ಚುಕಡಿಮೆ 5 ಮೀಟರ್. 160 ರಾಡ್ ಎಂದರೆ 800 ಮೀಟರ್, ಕೇಳಲು ಏನೂ ಅಲ್ಲ. ಆದರೆ ದೋಣಿ, ಗುಡಾರ, ದಿನಸಿ ಎಲ್ಲವನ್ನೂ ಒಂದೇ ಸಲಕ್ಕೆ ಹೊರಲಾಗದೆ ಎರಡು ಸಲ ಹೊತ್ತರೆ, ನಡುವೆ ಬರಿಗೈಯಲ್ಲಿ ಹಿಂದಿರುಗುವುದೂ ಸೇರಿ ನಡಿಗೆ 2.4 ಕಿಲೋಮೀಟರ್ ಆಗುತ್ತದೆ. ಅದೂ ಬಂಡೆ, ಬೇರು, ಕೆಸರು, ಜೂನ್ ತಿಂಗಳ ಸೊಳ್ಳೆಗಳ ನಡುವೆ. ಅಂಥ ದಾರಿಯ ಆಚೆ ಏಕಾಂತ ಸಿಗುವ ಸಾಧ್ಯತೆ ಸಹಜವಾಗಿಯೇ ಹೆಚ್ಚು.

ಹಾಗಾದರೆ ವಯಸ್ಸಾದವರು, ಮಕ್ಕಳಿರುವ ಸಂಸಾರಗಳು ಏಕಾಂತದ ಆಸೆ ಬಿಡಬೇಕೇ? ಬೇಕಿಲ್ಲ. ಒಂದು ಉದ್ದದ ದಾರಿಯ ಬದಲು ಮೂರು ನಾಲ್ಕು ಗಿಡ್ಡ ಪೋರ್ಟೇಜುಗಳಿರುವ ಮಾರ್ಗ ಹಿಡಿಯಬಹುದು. ಪ್ರತಿ ಸಲವೂ ಸಾಮಾನು ಇಳಿಸಿ ಏರಿಸುವ ಬೇಸರಕ್ಕೇ ಅನೇಕರು ಮೊದಲೇ ನಿಂತುಬಿಡುತ್ತಾರೆ. ಕೆವ್ಲಾರ್ ದೋಣಿ ಬಾಡಿಗೆಗೆ ಪಡೆದರೆ ಭಾರ ಸುಮಾರು 20 ಕಿಲೋ. ಅಲ್ಯೂಮಿನಿಯಂ ದೋಣಿ 30 ಕಿಲೋ ಮೀರುತ್ತದೆ. ಹೊರುವುದೇ ಬೇಡವೆಂದು ಸಗನಾಗದಂಥ ದೊಡ್ಡ ಸರೋವರ ಆರಿಸುವವರು ಗಾಳಿಯನ್ನು ಮರೆಯಬಾರದು. ಅಷ್ಟು ವಿಶಾಲವಾದ ನೀರಿನ ಮೇಲೆ ಗಾಳಿ ಎದ್ದರೆ ಸಣ್ಣ ದೋಣಿಗೆ ಅಪಾಯ, ಗಂಟೆಗಟ್ಟಲೆ ದಡದಲ್ಲೇ ಕೂರಬೇಕಾಗುತ್ತದೆ. ಗಡಿಯಾಚೆಯ ಕ್ವೆಟಿಕೋ ಉದ್ಯಾನದಲ್ಲಿ ಗುರುತು ಮಾಡಿದ ಜಾಗದಲ್ಲೇ ತಂಗಬೇಕೆಂಬ ಕಟ್ಟಿಲ್ಲವಲ್ಲ ಎನ್ನುವವರಿದ್ದಾರೆ. ನಿಜ, ಆದರೆ ಅಲ್ಲೂ ಹೊರುವ ದಾರಿ ತಪ್ಪದು.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಕಷ್ಟಪಟ್ಟು ಹೊತ್ತು ಹೋದಮೇಲೆ ಆ ಸರೋವರದ ಒಂದೇ ಒಂದು ಜಾಗದಲ್ಲಿ ಬೇರೆಯವರು ಇಳಿದಿದ್ದರೆ? ಅದಕ್ಕೇ ನಕಾಶೆಯಲ್ಲಿ ಬಿಡಾರದ ಒಂದೇ ಚುಕ್ಕಿಯಿರುವ ಸರೋವರವನ್ನು ನೆಚ್ಚಬಾರದು. ಮೂರು ನಾಲ್ಕು ಚುಕ್ಕಿಗಳಿರುವುದನ್ನೋ, ಗಿಡ್ಡ ಪೋರ್ಟೇಜಿನ ಆಚೆ ಇನ್ನೊಂದು ಸರೋವರ ಇರುವುದನ್ನೋ ಆರಿಸಿ, ಮಧ್ಯಾಹ್ನದ ಹೊತ್ತಿಗೇ ತಲುಪಬೇಕು. ನಕಾಶೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 1999ರ ಜುಲೈ 4ರ ಬಿರುಗಾಳಿ ಇಲ್ಲಿ ಲಕ್ಷಾಂತರ ಮರಗಳನ್ನು ಉರುಳಿಸಿತು. 2011ರ ಪಗಾಮಿ ಕ್ರೀಕ್ ಕಾಡ್ಗಿಚ್ಚು 90 ಸಾವಿರಕ್ಕೂ ಹೆಚ್ಚು ಎಕರೆ ಸುಟ್ಟಿತು. ಮರ ಅಡ್ಡಬಿದ್ದ ದಾರಿಯಲ್ಲಿ 50 ರಾಡ್ ಕೂಡ ಬಲು ದೂರ. ಈಲಿ, ಗ್ರ್ಯಾಂಡ್ ಮರೇ ಊರುಗಳ ಅರಣ್ಯ ಕಚೇರಿಗಳಲ್ಲಿ ಪರವಾನಗಿ ಪಡೆಯುವಾಗಲೇ ಯಾವ ಪೋರ್ಟೇಜ್ ಸದ್ಯ ತೆರವಾಗಿದೆ ಎಂದು ಕೇಳಿ, ಆಮೇಲೆ ಸರೋವರ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.